ಡಿಪೋಗೆ ಕೇಳಿಸದ ಕರೆ

“ಸ್ವಂತ ಅಕ್ಕನ ಬಾಯಿಗೇ ಬಟ್ಟೆ ತುರುಕಿದವನು ನೀನು! ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟವನ ಕೈಗೆ ಕೀಲಿ ಕೊಟ್ಟಿದ್ದೇ ನಮ್ಮ ತಪ್ಪು.”

ಬಸ್ ಡಿಪೋದ ಶೆಡ್ಡಿನಲ್ಲಿ, ನಲವತ್ತು ಮೆಕ್ಯಾನಿಕ್‌ಗಳ ಎದುರು, ಸಂಘದ ಕಾರ್ಯದರ್ಶಿ ಕಿರುಚಿದ. ಯಾರೋ ಕಿಸಕ್ಕನೆ ನಕ್ಕರು. ಮೂಗಿನ ತುದಿಯಲ್ಲೇ ಸಿಟ್ಟಿಟ್ಟುಕೊಂಡು ಓಡಾಡುವ ಆ ಹುಡುಗನಿಗೆ ಡಿಪೋದವರು ಇಟ್ಟ ಹೆಸರು ಕಿಡಿ. ಕಿಡಿ ಹಲ್ಲು ಕಚ್ಚಿ ನಿಂತ.

ಅವನ ಅಕ್ಕ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ರೋಲರ್ ನಡೆಸುವವಳು. ಕೈ ಒಳಗೆ ಹೋಗದಂತೆ ತಡೆಯುವ ಪಟ್ಟಿ ಮುರಿದಿದ್ದ ರೋಲರ್ ಅವಳ ಎರಡು ಬೆರಳು ಸುಟ್ಟಿತ್ತು. ‘ಶನಿವಾರ ನಮ್ಮ ಗೇಟಿಗೆ ಬನ್ನಿ, ಜೊತೆಗೆ ನಿಲ್ಲಿ’ ಎಂದು ಕಾರ್ಮಿಕರೆಲ್ಲ ಫೋನಿನಲ್ಲಿ ಬಳಸುವ ಸಾಮಾಜಿಕ ಜಾಲದಲ್ಲಿ ಬರೆದಿದ್ದಳು. ಡಿಪೋದಿಂದ ಒಂದು ನರಪಿಳ್ಳೆಯೂ ಹೋಗಲಿಲ್ಲ. ಆ ಬರಹ ಇಲ್ಲಿ ಯಾರಿಗೂ ಕಂಡೇ ಇರಲಿಲ್ಲ; ಲಾಂಡ್ರಿಯವರು ಬೈದಾಗಲೇ ಗೊತ್ತಾದದ್ದು! ಆರು ಹೆಂಗಸರು ಬಿಸಿಲಲ್ಲಿ ಒಣಗಿದರು. ಅಂದಿನಿಂದ ಅಕ್ಕ ತಮ್ಮನ ಫೋನ್ ಎತ್ತಿರಲಿಲ್ಲ. ಇವತ್ತು ಅವರು ಮತ್ತೆ ಗೇಟಿನ ಮುಂದೆ ನಿಂತಿದ್ದರು.

ಆ ಜಾಲಕ್ಕೆ ಒಬ್ಬ ಧಣಿ ಇಲ್ಲ. ಒಂದೊಂದು ಗುಂಪಿನವರದ್ದು ಒಂದೊಂದು ಮನೆ, ಅಂದರೆ ಅವರದ್ದೇ ಸರ್ವರ್. ಡಿಪೋದವರದ್ದು ಒಂದು, ಲಾಂಡ್ರಿಯವರದ್ದು ಇನ್ನೊಂದು. ನಡುವೆ ಮಾತು ಓಡಾಡುವ ಬಾಗಿಲು. ಬರಹ ಅಳಿಸುವ, ಬಾಗಿಲು ಮುಚ್ಚುವ ಡಿಪೋ ಮನೆಯ ಕೀಲಿ ಮೂವರ ಬಳಿ — ಕಿಡಿ, ಕಾರ್ಯದರ್ಶಿ, ಬಿಡಿಭಾಗಗಳ ಕೋಣೆಯ ಸ್ಟೋರಮ್ಮ.

“ಅಳಿಸಿದವರು ಯಾರು?” ಕಾರ್ಯದರ್ಶಿ ಮತ್ತೆ ಗುಡುಗಿದ. “ನಾನಲ್ಲ. ಸ್ಟೋರಮ್ಮ ಇರುವೆಗೂ ದಾರಿ ಬಿಡೋ ಹೆಂಗಸು. ಉಳಿದವನು ನೀನೇ!”

“ಅಳಿಸಿದ್ದಾರೆ ಅಂತ ಯಾರು ಹೇಳಿದ್ದು?”

ಕಿಡಿ ಮೇಜಿನ ಕಂಪ್ಯೂಟರನ್ನು ಎಲ್ಲರತ್ತ ತಿರುಗಿಸಿದ. ಅಳಿಸಿದವುಗಳ ಪಟ್ಟಿ ಖಾಲಿ.

“ಟೈರ್ ಅಣ್ಣ, ಅಕ್ಕನ ಬೆಕ್ಕಿನ ಫೋಟೊ ಈಚೆಗೆ ನೋಡಿದ್ಯಾ?” ಎಂದು ಟೈರ್ ಬದಲಿಸುವ ಮೆಕ್ಯಾನಿಕ್‌ನನ್ನು ಕೇಳಿದ.

“ಬೆಕ್ಕಾ? ಹೋದ ವಾರದಿಂದ ಇಲ್ಲ ಕಣೋ. ಯಾಕೆ, ಸತ್ತೋಯ್ತಾ?”

“ಚೆನ್ನಾಗಿದೆ. ಅಕ್ಕ ದಿನಾ ಹಾಕ್ತಿದ್ದಾಳೆ, ಲಾಂಡ್ರಿಯವರೊಬ್ಬರ ಫೋನಲ್ಲಿ ನೋಡಿದೆ. ಅಕ್ಕನ ಕರೆ ಮುಚ್ಚಿಡೋನು ಬೆಕ್ಕನ್ನ ಯಾಕೆ ಮುಚ್ಚಿಡ್ತಾನೆ? ಲಾಂಡ್ರಿಯವರಲ್ಲಿ ಬೇರೆ ಯಾರಾದ್ರೂ ಕಂಡ್ರಾ?”

ಎಲ್ಲರೂ ಫೋನ್ ತಡಕಿದರು. ಒಬ್ಬರೂ ಇಲ್ಲ!

“ಹೋಗಿರೋದು ಒಂದು ಬರಹ ಅಲ್ಲ — ಆ ಮನೆಯ ಬಾಗಿಲೇ ಮುಚ್ಚಿದೆ. ಎಲ್ಲರೂ ಆ ಕರೆಯನ್ನೇ ಹುಡುಕಿದ್ರಿ, ಬೆಕ್ಕನ್ನ ಯಾರೂ ಹುಡುಕಲಿಲ್ಲ. ಆ ಬೆಕ್ಕಿಗೆ ದಿನಾ ಬೆಳಿಗ್ಗೆ ಮೊದಲ ಹಾರ್ಟ್ ಒತ್ತುತ್ತಿದ್ದವರು ಒಬ್ಬರಿದ್ದಾರೆ. ಐದು ದಿನ ಬೆಕ್ಕು ಕಾಣದಿದ್ರೂ ‘ಎಲ್ಲಿ ಹೋಯ್ತೋ’ ಅಂತ ಅವರು ನನ್ನ ಒಮ್ಮೆಯೂ ಕೇಳಲಿಲ್ಲ. ಯಾಕಂದ್ರೆ ಎಲ್ಲಿ ಹೋಯ್ತು ಅಂತ ಅವರಿಗೆ ಗೊತ್ತಿತ್ತು. ಅಲ್ವಾ ಸ್ಟೋರಮ್ಮ?”

ಸ್ಟೋರಮ್ಮ ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

“ಲಾಂಡ್ರಿ ಮನೆಯಲ್ಲೊಬ್ಬ ಇದ್ದ. ನನ್ನ ಮಗಳ ಫೋಟೊ ಕೆಳಗೆ ಗಲೀಜು ಬರೀತಿದ್ದ. ಒಂದು ಹೆಸರು ಮುಚ್ಚಿದ್ರೆ ಇನ್ನೊಂದರಲ್ಲಿ ಬರ್ತಿದ್ದ. ಅಲ್ಲಿಯವರಿಗೆ ಎರಡು ಸಲ ಬರೆದೆ, ಉತ್ತರವಿಲ್ಲ. ಕಡೆಗೆ ಇಡೀ ಮನೆಗೇ ಅಗುಳಿ ಹಾಕಿದೆ. ನಿಮ್ಮಕ್ಕನೂ ಅಲ್ಲೇ ಇದ್ದಾಳೆ ಅಂತ ಗೊತ್ತಿತ್ತು. ನಾಲ್ಕು ದಿನ ತಾನೇ, ಆಮೇಲೆ ತೆಗೀತೀನಿ ಅಂದ್ಕೊಂಡೆ. ಅವಳು ಹೀಗೆ ಕರೀತಾಳೆ ಅಂತ ಕನಸು ಬಿದ್ದಿತ್ತಾ?”

“ಬೈದವನು ಒಬ್ಬ. ಬಾಯಿ ಕಳ್ಕೊಂಡವರು ಆ ಮನೆಯ ಮುನ್ನೂರು ಜನ! ನನಗೊಂದು ಮಾತು ಹೇಳಬಾರದಿತ್ತಾ?”

“ಹೆತ್ತ ತಾಯಿ ಬಾಯಲ್ಲಿ ಬರೋ ಮಾತಲ್ಲ ಕಣಪ್ಪಾ ಅದು. ಹೇಗೆ ಹೇಳ್ಲಿ?”

ಕಿಡಿಯ ಸಿಟ್ಟಿಗೆ ಕಾಲೂರಲು ಜಾಗ ಸಿಗಲಿಲ್ಲ. ಅವನು ಕೂತು ಅಗುಳಿ ತೆಗೆದ. ಆ ಕೊಳಕನ ಹೊಸ ಹಳೆಯ ಹೆಸರುಗಳನ್ನೆಲ್ಲ ಹುಡುಕಿ ಆಚೆ ಹಾಕಿದ. “ಇನ್ನೊಂದರಲ್ಲಿ ಬಂದ್ರೆ ಓದಬೇಡಿ, ಫೋನ್ ನನಗೆ ಕೊಡಿ” ಎಂದ ಮೆಲ್ಲಗೆ.

ನಲವತ್ತು ಫೋನುಗಳು ಒಟ್ಟಿಗೆ ಗುಂಯ್‌ಗುಟ್ಟಿದವು. ಮೊದಲು ಬಂದದ್ದು ಅಕ್ಕನ ಇವತ್ತಿನ ಬರಹ: ‘ಈಗ ನಾಲ್ಕೇ ಜನ ಉಳಿದಿದ್ದೇವೆ.’

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡ. “ಆಯ್ತು ಬಿಡಪ್ಪಾ, ಬಾಯ್ತಪ್ಪಿ ಏನೋ ಅಂದೆ. ಕೀಲಿ ನಿನ್ನ ಹತ್ರಾನೇ ಇರ್ಲಿ. ಬೇಜಾರಿಲ್ಲ ತಾನೇ?”

ಕಿಡಿ ಗ್ರೀಸ್ ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಕಾರ್ಯದರ್ಶಿಯ ಮುಖವನ್ನೂ ನೋಡದೆ ಶೆಡ್ಡಿನಿಂದಾಚೆ, ಲಾಂಡ್ರಿಯ ರಸ್ತೆಗೆ ಬಿರಬಿರನೆ ನಡೆದುಬಿಟ್ಟ.