ಬೋಣಿ ಮುಖ

ಸ್ವಪ್ನಳ ಎಡಗಡೆಯ ಜಡೆ ಮುಗಿದಿತ್ತು. ಬಲಗಡೆಯ ಕೂದಲನ್ನು ಮೂರು ಪಾಲು ಮಾಡುವ ಹೊತ್ತಿಗೆ ಹೊಂಗೆ ಮರದ ಕೆಳಗೆ ಕಾರಿನ ಬಾಗಿಲು ತೆಗೆದ ಸದ್ದಾಯಿತು. ಬಾಚಣಿಗೆಯನ್ನು ಅವಳ ತಲೆಯಲ್ಲೇ ಸಿಕ್ಕಿಸಿ ಎದ್ದು ಒಳಗೆ ಹೋದೆ.

"ದಿನಾ ಇಷ್ಟೇ ನೀನು," ಎಂದಳು ಮಗಳು, ಜಗಲಿಯ ಮೇಲಿಂದಲೇ.

ಕಾರು ವೀರೇಶ್ ಅವರದು. ನಮ್ಮ ಮನೆಯ ಹಿಂದಿನ ಗಲ್ಲಿಯಲ್ಲಿ ಅವರ ಮನೆ. ಆ ಗಲ್ಲಿಯೊಳಗೆ ಕಾರು ಹೋಗುವುದಿಲ್ಲ. ಹಾಗಾಗಿ ಅವರ ಹಳದಿ ಬೋರ್ಡಿನ ಬಿಳಿ ಕಾರು ಮೊದಲಿನಿಂದಲೂ ನಮ್ಮ ಹೊಂಗೆ ಮರದ ಕೆಳಗೇ ಮಲಗುತ್ತದೆ. ಸ್ವಂತ ಗಾಡಿ, ಸ್ವಂತ ದುಡಿಮೆ. ಕುದಾಪುರದ ವಿಜ್ಞಾನ ಕೇಂದ್ರಗಳಿಗೆ ಬರುವವರನ್ನು ಬಿಟ್ಟು ಬರುವುದು, ನಾಯಕನಹಟ್ಟಿಗೆ ಹರಕೆ ಹೊತ್ತವರು, ದಾವಣಗೆರೆ ಆಸ್ಪತ್ರೆಗೆ ಹೋಗುವವರು, ಹೀಗೆ ಚಳ್ಳಕೆರೆಯಿಂದ ಅವರು ಹೋಗದ ದಿಕ್ಕಿರಲಿಲ್ಲ. ಈಗ ಎರಡನೇ ಸಲದ ಲಾಕ್‌ಡೌನು. ಕಾರು ಎಲ್ಲಿಗೂ ಹೋಗುವುದಿಲ್ಲ. ಆದರೂ ಬೆಳಿಗ್ಗೆ ಬಂದು, ಬ್ಯಾಟರಿ ಸಾಯದಿರಲಿ ಎಂದು ಒಂದಿಷ್ಟು ಹೊತ್ತು ಸ್ಟಾರ್ಟ್ ಮಾಡಿಟ್ಟು ಹೋಗುತ್ತಾರೆ.

ಆ ಇಂಜಿನ್ನಿನ ಸದ್ದು ಶುರುವಾಗುವವರೆಗೆ ನಾನು ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತಿರುತ್ತೇನೆ. ಶುರುವಾದ ಮೇಲೆ ಹೊರಗೆ ಬರುತ್ತೇನೆ.

ಕಾರಣ ಬೋಣಿ. ಗಾಡಿಯವರಿಗೆ ದಿನದ ಮೊದಲ ಬಾಡಿಗೆ ಎಷ್ಟು ಮುಖ್ಯವೋ, ಕೀ ತಿರುಗಿಸುವ ಮುಂಚೆ ಕಂಡ ಮೊದಲ ಮುಖವೂ ಅಷ್ಟೇ. ಕೆಲವರು ಮನೆಮಗಳನ್ನು ಎದುರಿಗೆ ನಿಲ್ಲಿಸಿಕೊಂಡು ಹೊರಡುತ್ತಾರೆ. ಗಂಡ ಸತ್ತವಳು ಎದುರು ಬಂದರೆ ಒಂದು ಗಳಿಗೆ ಕೂತೇ ಇದ್ದು ಆಮೇಲೆ ಹೊರಡುವವರನ್ನು ನಾನೇ ಸ್ಟ್ಯಾಂಡಿನಲ್ಲಿ ಕಂಡಿದ್ದೇನೆ. ನನ್ನ ಗಂಡ ಹೋಗಿ ಮೂರು ವರ್ಷ. ಒಳಗೆ ಹೋಗು ಎಂದು ಯಾರೂ ನನಗೆ ಹೇಳಲಿಲ್ಲ. ದುಡಿದು ತಿನ್ನುವವರ ದಿನ ನನ್ನಿಂದ ಕೆಡುವುದು ಬೇಡ ಎಂದು ನಾನೇ ಹೋಗುತ್ತಿದ್ದೆ.

ಆದರೆ ಅವತ್ತು ಇಂಜಿನ್ ಸದ್ದಾಗಲಿಲ್ಲ. ಗೇಟಿನ ಚಿಲಕ ಸದ್ದಾಯಿತು.

"ದಾಕ್ಷಾಯಿಣಕ್ಕಾ, ಬರ್ರಿ ಹೊರಗೆ. ಇವನಿಗಿಷ್ಟು ಬುದ್ಧಿ ಹೇಳ್ರಿ." ಕ್ಯಾತಣ್ಣನ ದನಿ. ಟ್ಯಾಕ್ಸಿ ಸ್ಟ್ಯಾಂಡಿಗೆಲ್ಲ ಹಿರಿಯ ಡ್ರೈವರ್ ಅವನು. ಪಕ್ಕದಲ್ಲಿ ವೀರೇಶ್, ಮಾಸ್ಕಿನ ಮೇಲೆ ಬರೀ ಕಣ್ಣು. ಆ ಕಣ್ಣು ನನ್ನನ್ನು ನೋಡಿ, ತಕ್ಷಣ ಅರ್ಧ ತಲೆ ಬಾಚಿಸಿಕೊಂಡ ಸ್ವಪ್ನಳ ಕಡೆ ಹೊರಳಿತು.

"ಏನ್ರೀ ಮೇಡಂ, ಇವತ್ತೂ ಒಂದೇ ಜಡೆನಾ?"

ಸ್ವಪ್ನ ನನ್ನ ಸೆರಗು ಜಗ್ಗಿ, ಬಗ್ಗಿಸಿಕೊಂಡು ಕಿವಿಯಲ್ಲಿ ಹೇಳಿದಳು. ಅವಳಿಗೆ ಆರು ವರ್ಷ. ಮನೆಯೊಳಗೆ ಬಾಯಿ ಮುಚ್ಚುವುದಿಲ್ಲ. ಆದರೆ ಅಪ್ಪ ಹೋದಾಗಿನಿಂದ ಹೊರಗಿನವರ ಎದುರು ಅವಳ ಮಾತೆಲ್ಲ ನನ್ನ ಕಿವಿಯೊಳಗೇ. ನಾನು ಅವಳ ಮೈಕು.

"ನಿಮ್ಮಿಂದಲೇ ಅಂತೆ," ಎಂದೆ.

"ನಾನೇನ್ ಮಾಡ್ದೆ?"

ಅದಕ್ಕೆ ಉತ್ತರ ನನ್ನಲ್ಲಿತ್ತು.

ಕ್ಯಾತಣ್ಣ ನಡುವೆ ಬಂದ. "ಸರ್ಕಾರ ಆಟೋದೋರಿಗೆ, ಟ್ಯಾಕ್ಸಿಯೋರಿಗೆ ಮೂರು ಸಾವಿರ ಕೊಡ್ತೈತಂತೆ. ಲೈಸೆನ್ಸು, ಬ್ಯಾಡ್ಜು ಇದ್ರೆ ಸಾಕು. ನಾನು ಅರ್ಜಿ ಹಾಕ್ಸಿದೆ. ಇವ್ನು ಬ್ಯಾಡ ಅಂತಾನೆ ನೋಡ್ರಿ."

"ಓಡಿಸ್ದೇ ಬಾಡಿಗೆ ತಗಳ್ಳೋದು ಹೆಂಗಣ್ಣಾ?"

"ಬಾಡಿಗೆ ಅಲ್ಲಲೇ ಅದು. ಪರಿಹಾರ."

"ಏನೋ ಒಂದು. ಹೆಂಗೂ ಗಾಡಿ ಮಾರ್ಬಿಡ್ತೀನಿ. ಬಳ್ಳಾರಿಯೋನು ನೋಡ್ಕಂಡು ಹೋಗ್ಯಾನೆ. ಲಾಕ್‌ಡೌನ್ ತೆಗುದ್ರೆ ಬಂದು ಒಯ್ತಾನೆ. ನಾನೂ ಅವನ ಹತ್ರಾನೇ ಸಂಬಳಕ್ಕೆ ಸೇರ್ಕಂತೀನಿ."

ಎಷ್ಟು ಸಲೀಸಾಗಿ ಹೇಳಿದರು. ನನಗೆ ಮಾತ್ರ ಹೊಂಗೆ ಮರದ ಕೆಳಗಿನ ನೆರಳು ಒಮ್ಮೆಲೇ ದೊಡ್ಡದಾದಂತೆ, ಖಾಲಿಯಾದಂತೆ ಕಂಡಿತು.

ಸ್ವಪ್ನ ಕಿವಿಗೆ ಬಂದಳು: ಕಾರು ಹೋದರೆ ಮಾಮನೂ ಬರಲ್ವಾ?

"ಕಾರು ಇಲ್ದಿದ್ರೆ ಮರದ ಕೆಳಗೆ ಏನು ನಿಲ್ಲಿಸ್ತೀರಿ ಅಂತ ಕೇಳ್ತಿದಾಳೆ," ಎಂದೆ.

ವೀರೇಶ್ ಅವಳನ್ನೂ ನನ್ನನ್ನೂ ನೋಡಿದರು. "ಅಷ್ಟೇನಾ ಕೇಳಿದ್ದು?"

"ಅಷ್ಟೇ."

"ಮರಕ್ಕೂ ನೆಮ್ಮದಿ ಬಿಡ್ರಿ," ಎಂದರು, ಈ ಸಲ ನೆಲ ನೋಡುತ್ತ. "ಕೆಲವ್ರಿಗೆ ನಾನು ಬಂದ ಸದ್ದು ಕೇಳಿದ್ರೆ ಸಾಕು, ಎದ್ದು ಒಳಗೆ ಹೋಗ್ಬಿಡ್ತಾರೆ."

ಅವರು ಯಾರ ಮಾತಾಡುತ್ತಿದ್ದಾರೆ ಎಂದು ನನಗೆ ತಿಳಿಯಿತು. ತಿಳಿದರೂ, ಹಾಗಲ್ಲ ಎಂದು ಕ್ಯಾತಣ್ಣನ ಎದುರು ಹೇಗೆ ಹೇಳಲಿ? ಕೈ ಚಾಚಿದೆ. "ಬ್ಯಾಡ್ಜ್ ಕೊಡ್ರಿ. ಅರ್ಜಿ ನಾನು ಹಾಕ್ತೀನಿ."

ಬೇಡ ಎನ್ನಲು ಹೊರಟವರು, ಜೇಬಿಗೆ ಕೈ ಹಾಕಿದರು.

ಕ್ಯಾತಣ್ಣ ಹೋದ. ಜಗಲಿಯ ಆ ತುದಿಗೆ ಅವರು, ಈ ತುದಿಗೆ ನಾನು, ನಡುವೆ ಒಂದೇ ಜಡೆಯ ಸ್ವಪ್ನ. ನನ್ನ ಫೋನಿನಲ್ಲಿ ಅರ್ಜಿ ತೆರೆದುಕೊಂಡಿತು. ಮೊಳಕಾಲ್ಮುರಿನ ರೇಷ್ಮೆ ಸೀರೆಗಳಿಗೆ ಕುಚ್ಚು ಕಟ್ಟುವ ಕೈ ನನ್ನದು. ಸಣ್ಣ ಎಳೆ ಹಿಡಿದು ಅಭ್ಯಾಸ. ಆದರೂ ಅವತ್ತು ಬೆರಳು ಎರಡು ಸಲ ತಪ್ಪು ಅಕ್ಷರ ಒತ್ತಿತು.

"ಉದ್ಯೋಗ?"

"ಗಾಡಿ ಹೊಡಿಯೋದು."

"ಸ್ವಯಂ ಉದ್ಯೋಗಿ ಅಂತ ಐತೆ ಇಲ್ಲಿ."

"ಅಷ್ಟು ದೊಡ್ಡ ಹೆಸರೈತಾ ನನಗೆ?" ಮಾಸ್ಕಿನ ಮೇಲೆ ಕಣ್ಣಿನ ತುದಿಗಳು ಸುಕ್ಕಾದವು. ನಗುವಾಗ ಹಾಗಾಗುತ್ತದೆ ಎಂದು ನನಗೆ ಯಾವಾಗ ಗೊತ್ತಾಯಿತೋ.

"ಈಗ ನಿಮ್ಮ ಫೋನಿಗೆ ಓಟಿಪಿ ಬರ್ತೈತೆ. ಹೇಳ್ರಿ."

ಅವರು ಫೋನು ನೋಡಿದರು. "ಯಾರಿಗೂ ಹೇಳಬ್ಯಾಡ ಅಂತ ಬರ್ದಾರೆ."

"ಹೌದು, ಹೇಳಬಾರದು."

"ನಿಮಗೆ ಹೇಳಬಹುದಾ?"

ಮಗಳ ತಲೆಯ ಮೇಲಿಂದ ನಾವು ಒಬ್ಬರನ್ನೊಬ್ಬರು ನೋಡಿದೆವು. ಬೀದಿಯಲ್ಲಿ ಒಂದು ಹಾಲಿನ ಗಾಡಿಯೂ ಇರಲಿಲ್ಲ. "ಬೇಗ ಹೇಳ್ರಿ, ಟೈಂ ಮುಗಿದ್ಹೋಗ್ತೈತೆ," ಎಂದೆ. ಅವರು ಒಂದೊಂದೇ ಅಂಕಿಯನ್ನು, ಮಗುವಿನ ಕೈಗೆ ಬಿಸಿ ಲೋಟ ಕೊಡುವಷ್ಟು ಮೆತ್ತಗೆ ಹೇಳಿದರು. ನಾನು ಒಂದೊಂದನ್ನೇ ತೆಗೆದುಕೊಂಡೆ.

ಜೂನ್ ತಿಂಗಳಲ್ಲಿ ಒಂದು ಮಧ್ಯಾಹ್ನ ಬಂದು ಗೇಟಿನ ಹತ್ತಿರ ನಿಂತರು. ಫೋನನ್ನು ಎರಡೂ ಕೈಯಲ್ಲಿ, ಗುಡಿಯಿಂದ ಪ್ರಸಾದ ತಂದವರ ಹಾಗೆ ಹಿಡಿದಿದ್ದರು.

"ಬಂತು," ಎಂದರು.

ನೋಡಿದೆ. ಆ ದುಡ್ಡು ಕಾರಿನ ಕಂತಿಗೂ ಸಾಲುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವರು ನೋಡುತ್ತಿದ್ದುದು ಅದನ್ನಲ್ಲ. ಅರ್ಜಿ ಮಂಜೂರಾಗಿದೆ ಎಂಬ ಮೆಸೇಜಿನಲ್ಲಿದ್ದ ತಮ್ಮ ಹೆಸರನ್ನು ಹೆಬ್ಬೆರಳಿನಿಂದ ಮುಟ್ಟಿದರು.

"ನನಗೆ ಮೇಲೊಬ್ಬ ಸಾಹೇಬ್ರಿಲ್ಲ. ಹಾಜರಿ ಪುಸ್ತಕ ಇಲ್ಲ. ನಾಳೆ ನಾನು ಗಾಡಿ ತೆಗೀದಿದ್ರೆ ಯಾಕಪ್ಪಾ ಅಂತ ಕೇಳೋ ಒಬ್ಬ ಮನುಷ್ಯ ಇಲ್ಲ ಅಂದ್ಕಂಡಿದ್ದೆ. ಎಲ್ಲೋ ಕುಂತೋರಿಗೆ, ಚಳ್ಳಕೆರೇಲಿ ವೀರೇಶ ಅಂತೊಬ್ಬ ಗಾಡಿ ನಿಲ್ಸ್ಕಂಡು ಕುಂತಾನೆ ಅಂತ ಗೊತ್ತಾತಲ್ರಿ. ಹೆಂಗೆ ಗೊತ್ತಾತು?"

ಅವರ ಬೆರಗು ನನಗೂ ಅಂಟಿತು. ಅರ್ಜಿ ತುಂಬಿದ್ದು ನಾನೇ. ಆದರೂ ನಮ್ಮ ಜಗಲಿಯ ಮೇಲೆ ಒತ್ತಿದ ಅಕ್ಷರಗಳು ಎಲ್ಲಿಗೋ ಹೋಗಿ, ಯಾರೋ ಓದಿ, ತಿರುಗಿ ಇದೇ ಮನುಷ್ಯನನ್ನು ಹುಡುಕಿಕೊಂಡು ಬಂದದ್ದನ್ನು ನೆನೆದು ಆ ಮೆಸೇಜನ್ನು ಇನ್ನೊಮ್ಮೆ ಓದಿದೆ.

"ಹಂಗಾದ್ರೆ ಗಾಡಿ ಕೊಡಲ್ವಾ?"

ಅವರ ಮುಖ ಇಳಿಯಿತು. "ಅದು ಬೇರೆ ಮಾತು," ಎಂದು ಹೋದರು.

ಲಾಕ್‌ಡೌನ್ ಸಡಿಲಿಸಿ ಬಸ್ಸು, ಗಾಡಿಗಳನ್ನು ಓಡಲು ಬಿಟ್ಟ ಮೊದಲ ಬೆಳಿಗ್ಗೆ ನಾನು ಮತ್ತೆ ಬಾಚಣಿಗೆ ಹಿಡಿದಿದ್ದೆ. ಕಾರಿನ ಬಾಗಿಲ ಸದ್ದು. ಏಳಲು ಹೋದೆ.

"ಒಂದು ನಿಮಿಷ ಇರ್ರಿ," ಎಂದರು ಗೇಟಿನಿಂದ. ತೊಳೆದ ಕಾರು, ಇಸ್ತ್ರಿ ಹಾಕಿದ ಖಾಕಿ ಶರ್ಟು. "ಇವತ್ತು ಸಾಯಂಕಾಲ ಬಳ್ಳಾರಿಯೋನು ಬರ್ತಾನೆ. ಅಷ್ಟ್ರೊಳಗೆ ಒಂದು ಟ್ರಿಪ್ ಹೊಡೀಬೇಕು ನಾನು. ದುಡ್ಡು ತಗಂಡೀನಲ್ಲ, ಓಡಿಸ್ದೇ ಇಟ್ಕಂಡ್ರೆ ಮನಸ್ಸಿಗೆ ಸಮಾಧಾನ ಇರಲ್ಲ. ಮೊಳಕಾಲ್ಮುರಾಗೆ ನಿಮ್ಮವ್ವನ್ನ ನೋಡಿ ಎಷ್ಟು ದಿನ ಆತು? ಹೋಗ್ಬರಾಣ. ಬೋಣಿ ನಿಮ್ದೇ."

ನನ್ನ ಕೈಯಲ್ಲಿದ್ದ ಕೂದಲು ಜಾರಿತು.

"ಬ್ಯಾಡ್ರಿ. ನನ್ನ ಬೋಣಿ ಮಾಡ್ಕಬ್ಯಾಡ್ರಿ. ಬೇರೆ ಯಾರನ್ನಾದ್ರೂ ಮೊದ್ಲು ಕರ್ಕಂಡು ಹೋಗ್ಬನ್ನಿ, ಆಮೇಲೆ ಬರ್ತೀವಿ."

"ಯಾಕೆ?"

"ಯಾಕೆ ಅಂದ್ರೆ... ನಿಮಗೆ ಗೊತ್ತಿಲ್ವಾ? ಅದಕ್ಕೇ ತಾನೆ ನಾನು ನೀವು ಬಂದಾಗ ಒಳಗೆ ಹೋಗೋದು. ನನ್ನ ಮುಖ ನೋಡಿ ನೀವು ಕೀ ತಿರುಗಿಸಬಾರದು ಅಂತ."

ಅವರು ಗೇಟು ಹಿಡಿದುಕೊಂಡರು.

"ಅದಕ್ಕಾ?" ಎಂದರು. "ನನ್ನ ಕಂಡ್ರೆ ನಿಮಗೆ ಆಗಲ್ಲ ಅಂದ್ಕಂಡಿದ್ದೆ ಕಣ್ರೀ. ಇಷ್ಟು ದಿನ. ಗಾಡಿ ಕೊಟ್ಟು ಹೋಗೋದೇ ವಾಸಿ ಅಂತ..." ಮಾತು ಅಲ್ಲಿಗೇ ಬಿಟ್ಟು, ನಡೆದು ಹೋಗಿ ಡ್ರೈವರ್ ಸೀಟಿನ ಬಾಗಿಲು ತೆರೆದರು. "ಬರ್ರಿ. ಇಲ್ಲಿ ಕುಂತ್ಕಳ್ರಿ."

ನಾನು ಅಲುಗಲಿಲ್ಲ. ಸ್ವಪ್ನ ನನ್ನ ಕೈ ಹಿಡಿದು ಎಳೆದಳು. ಸಂಜೆ ಹೊತ್ತು ಅವರು ಕಾರು ಒರೆಸುವಾಗ ಅವಳು ಆ ಸೀಟಿನಲ್ಲಿ ಕೂತು ಸ್ಟೇರಿಂಗ್ ತಿರುಗಿಸಿ ಆಡಿದವಳು. ಅವಳಿಗೇನೋ ಗೊತ್ತಿತ್ತು.

ಕೂತೆ.

"ಮೇಲೆ ನೋಡ್ರಿ. ಕನ್ನಡಿ."

ಹಿಂದಿನ ರಸ್ತೆ ತೋರಿಸಬೇಕಾದ ಕನ್ನಡಿ ಅದು. ಅದರಲ್ಲಿ ರಸ್ತೆ ಇರಲಿಲ್ಲ. ನಮ್ಮ ಅಡುಗೆಮನೆಯ ಕಿಟಕಿ ಇತ್ತು. ಕಿಟಕಿಯೊಳಗೆ ಸ್ಟೀಲಿನ ಡಬ್ಬಿಗಳ ಸಾಲು, ಒಲೆ, ಒಲೆಯ ಮುಂದೆ ನಾನು ದಿನಾ ಬಂದು ಅಡಗಿ ನಿಲ್ಲುವ, ಈಗ ಖಾಲಿಯಿದ್ದ ಆ ಒಂದು ಮೊಳ ಜಾಗ. ಯಾರೋ ಚಿತ್ರಕ್ಕೆ ಕಟ್ಟು ಹಾಕಿಸಿ ತೂಗುಹಾಕಿದಂತೆ, ಸರಿಯಾಗಿ ನಡುವೆ.

"ನೀವು ಬಾಗ್ಲಿಂದ ಹೋಗ್ತೀರಿ. ಅಲ್ಲಿ ಬಂದು ನಿಲ್ತೀರಿ. ಆಮೇಲೆ ಕೀ ತಿರುಗಿಸ್ತೀನಿ," ಎಂದರು ವೀರೇಶ್, ಬಾಗಿಲು ಹಿಡಿದು ನಿಂತು. "ಲಾಕ್‌ಡೌನಿಗಿಂತ ಮುಂಚಿಂದಾನೂ. ನಿಮ್ಮ ಮುಖ ಬಿಟ್ಟು ಬೇರೆ ಮುಖ ನೋಡಿ ಈ ಗಾಡಿ ಹೊರಟಿದ್ದೇ ಇಲ್ಲ. ಸುತ್ತ ಒಂದು ರೌಂಡ್ ಹೊಡ್ಕಂಡು ಬನ್ನಿ, ಒಂದು ಗೀರು ಇದ್ರೆ ತೋರಿಸ್ರಿ."

ನಾನು ಸುತ್ತು ಹೊಡೆಯಲಿಲ್ಲ. ಅಪಶಕುನವೆಂದು ನಾನೇ ಬಚ್ಚಿಟ್ಟ ಮುಖವನ್ನು, ಬಚ್ಚಿಟ್ಟ ಜಾಗದಲ್ಲೇ ಹುಡುಕಿ, ಅದರ ಧೈರ್ಯದ ಮೇಲೆ ಒಬ್ಬ ಮನುಷ್ಯ ದಿನಾ ರಸ್ತೆಗೆ ಇಳಿಯುತ್ತಿದ್ದ. ಲೋಕ ಇಷ್ಟು ದೊಡ್ಡದಿದೆ ಎಂದು ನನಗೆ ಗೊತ್ತಿರಲಿಲ್ಲ. ಆ ಬೆರಳಗಲದ ಕನ್ನಡಿಯಲ್ಲಿ ಗೊತ್ತಾಯಿತು.

"ಬೋಣಿ ಆಗ್ತೀರಾ?" ಎಂದರು.

"ಹಿಂದಿನ ಸೀಟಿಗೆ ಹೋಗ್ತೀನಿ, ಜರುಗ್ರಿ," ಎಂದೆ. ಅವರ ಕಣ್ಣಿನ ತುದಿಗಳು ಸುಕ್ಕಾದವು.

ಬಳ್ಳಾರಿ ರಸ್ತೆಗೆ ಹತ್ತುವ ಮುಂಚೆ ಗಾಡಿ ಬದಿಗೆ ನಿಲ್ಲಿಸಿ, ಕಾರು ಕೊಳ್ಳಬೇಕಿದ್ದವನಿಗೆ ಫೋನು ಮಾಡಿದರು. "ಅಣ್ಣಾ, ಗಾಡಿ ಕೊಡಲ್ಲ. ಬರಬ್ಯಾಡ್ರಿ. ಹೂಂ. ಬೋಣಿ ಆತು," ಎಂದಷ್ಟೇ. ಆಮೇಲೆ ಕನ್ನಡಿಯನ್ನು ತಿರುಗಿಸಿದರು.

"ಈಗ ಹಿಂದಿನ ಗಾಡಿ ಕಾಣ್ತಾವಾ?" ಎಂದೆ.

"ಸ್ವಲ್ಪ ಕಾಣ್ತಾವೆ. ನಡುವೆ ಒಬ್ರು ಅಡ್ಡ ಕುಂತಾರೆ."

"ರಸ್ತೆ ನೋಡಿ ಓಡಿಸ್ರಿ."

ಮೊದಲ ಮಳೆ ಬಿದ್ದ ಕೆಂಪು ಹೊಲಗಳು ಎರಡೂ ಕಡೆ ಹಿಂದೆ ಸರಿದವು. ಶೇಂಗಾ ಬಿತ್ತನೆಗೆ ಎತ್ತು ಹೂಡಿದ್ದರು. ಮೊಳಕಾಲ್ಮುರು ಹತ್ತಿರವಾದಂತೆ ಬೆಟ್ಟಗಳು ಬಂದವು, ಬಂಡೆಯ ಮೇಲೆ ಬಂಡೆ, ಯಾವ ಗಳಿಗೆಯಲ್ಲಾದರೂ ಉರುಳೀತು ಎನ್ನುವಂಥವು, ಎಂದೂ ಉರುಳದಂಥವು. ಹುಟ್ಟಿದಾಗಿನಿಂದ ನೋಡಿದ ಆ ಬಂಡೆಗಳನ್ನು ಅವತ್ತು ಬಾಯಿ ತೆರೆದು ನೋಡಿದೆ.

ಅವ್ವ, ಶಿವಬಸಮ್ಮ, ಬಾಗಿಲಲ್ಲೇ ಇದ್ದಳು. "ರಾ ಬಂಗಾರಾ, ರಾ," ಎಂದು ಗಡಿಸೀಮೆಯ ತೆಲುಗಿನಲ್ಲಿ ಕರೆದು ಮೊಮ್ಮಗಳನ್ನು ತಬ್ಬಿದಳು. ಆಮೇಲೆ ತಲೆ ನೋಡಿ, "ಇದೇನೇ ದಾಕ್ಷಾಯಿಣಿ, ಒಂದೇ ಜಡೆ ಹಾಕ್ಕಂಡು ಊರಿಂದ ಊರಿಗೆ ಕರ್ಕಂಡು ಬಂದೀಯ?" ಎಂದಳು. ಕಾರಿನ ಕಡೆ ನೋಡಿದಳು. ಮತ್ತೆ ನನ್ನ ಮುಖ ನೋಡಿದಳು. "ಡ್ರೈವರಪ್ಪಾ, ನೀನೂ ಒಳಗೆ ಬಾ. ರೊಟ್ಟಿ ತಿಂದು ಹೋಗು."

"ಇಲ್ಲವ್ವಾ, ಗಾಡಿ ನೆರಳಿಗೆ ಹಚ್ಚಿ ಇಲ್ಲೇ ಇರ್ತೀನಿ," ಎಂದು ವೀರೇಶ್ ಕಾರನ್ನು ಎದುರಿನ ಬೇವಿನ ಮರದ ಕೆಳಗೆ ನಿಲ್ಲಿಸಿದರು. ನಿಲ್ಲಿಸಿ, ತಮಗೇ ತಿಳಿಯದಂತೆ, ಕೈ ಎತ್ತಿ ಕನ್ನಡಿಯನ್ನು ನಮ್ಮವ್ವನ ಬಾಗಿಲ ಕಡೆ ತಿರುಗಿಸಿದರು.

ಸ್ವಪ್ನ ಅದನ್ನು ನೋಡಿದಳು. ನನ್ನ ಸೆರಗು ಜಗ್ಗಿ ಕಿವಿಗೆ ಬಂದಳು. ಅವಳ ಉಸಿರು ಬೆಚ್ಚಗಿತ್ತು. ಕೇಳಿದ್ದು ಪೂರ್ತಿ ಕೇಳಿಸಿತು, ಅಂಗಾಲಿನವರೆಗೆ ಕೇಳಿಸಿತು.

"ಏನಂತೆ ಮೇಡಂದು?" ಎಂದರು ವೀರೇಶ್, ಕಾರಿನ ಕಿಟಕಿಯಿಂದ.

ಎಂದಿನಂತೆ ಮಾತು ಬದಲಿಸಿ ಹೇಳಬಹುದಿತ್ತು. ನೀರು ಕೇಳುತ್ತಿದ್ದಾಳೆ ಎನ್ನಬಹುದಿತ್ತು. ಅವ್ವ ನನ್ನನ್ನೇ ನೋಡುತ್ತಿದ್ದಳು. ನಾನು ಮಗಳ ಮುಂದೆ ಕೂತು, ಬಿಚ್ಚಿದ ಕೂದಲನ್ನು ಅವಳ ಕಿವಿಯ ಹಿಂದೆ ಸರಿಸಿದೆ.

"ಇದನ್ನ ನಾನು ಹೇಳಲ್ಲ ಕಂದಾ. ನೀನೇ ಕೇಳು. ಅಜ್ಜಿಗೂ ಕೇಳಿಸ್ಲಿ."

ಅವಳು ನನ್ನನ್ನು ನೋಡಿದಳು, ನಿಜವಾಗಿಯೂ ಕೇಳಬಹುದಾ ಎಂಬಂತೆ. ತಲೆಯಾಡಿಸಿದೆ. ಬೀದಿ ದಾಟಿ ಹೋಗಿ, ಕಾರಿನ ಬಾಗಿಲಿಗೆ ಎರಡೂ ಕೈ ಹಚ್ಚಿ, ತುದಿಗಾಲಲ್ಲಿ ನಿಂತು, ಮೂರು ವರ್ಷ ನನ್ನ ಕಿವಿಯಲ್ಲಿ ಮಾತ್ರ ಬದುಕಿದ್ದ ದನಿಯನ್ನು ಹೊರಗೆ ಬಿಟ್ಟು ಕೇಳಿದಳು:

"ಮಾಮಾ, ನೀನು ನಮ್ಮನೇಲೇ ಇದ್ಬಿಟ್ರೆ ಈ ಕನ್ನಡಿ ತಿರುಗಿಸೋದೇ ಬ್ಯಾಡ, ಅಲ್ವಾ?"