ನಾಲ್ಕು ಕಾಲಿನ ಜೇನ್ನೊಣ

ಬೆಳಕು ಹರಿದು ಬಹಳ ಹೊತ್ತಾಗಿತ್ತು. ಆದರೂ ರಾದೊಯೆಯ ಭಾವಮೈದ ಮಂಚದ ಮೇಲೆ ಕೂತು, "ಯಾರಾದ್ರೂ ದೀಪ ಹಾಕ್ರಪ್ಪ" ಎಂದು ಗೋಗರೆಯುತ್ತಿದ್ದ. ಪಕ್ಕದ ಕೋಣೆಯಲ್ಲಿ ಮನೆಯ ಯಜಮಾನ ರಾದೊಯೆ ಹೆಣವಾಗಿ ಮಲಗಿದ್ದ. ಹಿಂದಿನ ದಿನ ಇಬ್ಬರೂ ಸೇರಿ ಅಂಗಳದಲ್ಲಿ ಹಂದಿ ಕೊಯ್ದಿದ್ದರು. ಚಳಿಗೆಂದು ಹಣ್ಣಿನ ಸಾರಾಯಿ ರಾಕಿಯಾ ಒಂದು ಬಾಟಲಿ ಖಾಲಿ ಮಾಡಿದ್ದರು.

ಇನ್ಸ್‌ಪೆಕ್ಟರ್ ಸ್ಮಿಲ್ಯಾ ಬಾಟಲಿ ಎತ್ತಿ ನೋಡಿದಳು. ಕಡುನೀಲಿ ಲೇಬಲ್. ಮೂರು ಪ್ಲಮ್ ಹಣ್ಣು, ಹಣ್ಣಿನ ಮೇಲೊಂದು ಪುಟ್ಟ ಜೇನ್ನೊಣ. ಮೊರಾವಾ ನದಿಯ ಎರಡೂ ದಂಡೆಯಲ್ಲಿ ಈ ಲೇಬಲ್ ಗೊತ್ತಿಲ್ಲದವರಿಲ್ಲ. ವುಕಾಶಿನ್ ಅಜ್ಜನ ಭಟ್ಟಿಯ ಸರಕು. ಮೇಜಿನ ಕೆಳಗೆ ಅಂಥದೇ ಇನ್ನೊಂದು, ಮುಚ್ಚಳ ತೆಗೆಯದ್ದು.

"ಎಲ್ಲಿ ತಂದಿದ್ದು?"

"ಹೆದ್ದಾರಿ ಪಕ್ಕ, ಯಾವನೋ ಕಾರಿನ ಡಿಕ್ಕಿಯಿಂದ ಮಾರ್ತಿದ್ನಂತೆ" ಎಂದಳು ರಾದೊಯೆಯ ಹೆಂಡತಿ ಯೆಲಿತ್ಸಾ. "ಅಗ್ಗಕ್ಕೆ ಸಿಕ್ತು ಅಂತ ಕುಣೀತಾ ಬಂದ್ರು."

ಡಾಕ್ಟರು ಸ್ಮಿಲ್ಯಾಳನ್ನು ಬಾಗಿಲಾಚೆ ಕರೆದರು. "ಕುಡಿಯೋ ಮದ್ಯಸಾರ ಅಲ್ಲ ಇದು, ಬಣ್ಣಕ್ಕೆ ಬೆರೆಸೋದು. ಇವನ ಕಣ್ಣು ಇನ್ನು ಬರಲ್ಲ. ಉಳಿದ ಬಾಟಲಿ ಎಲ್ಲಿವೆಯೋ ಅದನ್ನ ನೋಡಿ ಮೇಡಂ."

ನಾಳೆ ಸಂತ ನಿಕೋಲನ ದಿನ. ಊರಿನ ಅರ್ಧಕ್ಕರ್ಧ ಮನೆಗಳಲ್ಲಿ ಮನೆತನದ ಸಂತನ ಹಬ್ಬ. ಹೊಸಿಲು ದಾಟಿದವರಿಗೆಲ್ಲ ಮೊದಲು ಒಂದು ಗುಟುಕು ರಾಕಿಯಾ. ಕುಡಿಯಬೇಡಿ ಎಂದು ರೇಡಿಯೋದಲ್ಲಿ ಹೇಳಿಸಿದಳು. ಆದರೆ ಮೀನು ಹುರಿಯುವ ಗಡಿಬಿಡಿಯಲ್ಲಿ ರೇಡಿಯೋ ಕೇಳುವವರು ಯಾರು?

*

ವುಕಾಶಿನ್ ಅಜ್ಜ ಬಾಟಲಿ ಮೂಸಿ ಮುಖ ಸಿಂಡರಿಸಿದರು. "ನಂದಲ್ಲ ಮಗಳೇ. ಲೇಬಲ್ ಕೋಣೆ ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತೆ. ಮಲಗಿದಾಗ್ಲೂ ಬಿಚ್ಚಲ್ಲ. ಒಂದು ಲೇಬಲ್ಲೂ ಆಚೆ ಹೋಗಿಲ್ಲ."

"ಇಲ್ಲಿಂದ ಹೋಗಿಲ್ಲ ಅಂದ್ರೆ ತೋಶಾ ಕಡೆಯಿಂದ ಹೋಗಿರ್ಬೇಕು" ಎಂದ ಅಳಿಯ ಗೋಯ್ಕೊ. ಭಟ್ಟಿಯ ವ್ಯಾಪಾರವೆಲ್ಲ ಅವನದೇ. "ಲೇಬಲ್ ಅಚ್ಚು ಹಾಕೋನು ಅವನೊಬ್ನೇ. ಪ್ಲೇಟು ಅವನ ಹತ್ರ, ಡಿಸೈನು ಅವನ ಕಂಪ್ಯೂಟರ್‌ನಲ್ಲಿ. ಇನ್ಯಾರಿಗೆ ಸಾಧ್ಯ ಹೇಳಿ?"

ತೋಶಾನ ಪ್ರೆಸ್ಸಿನ ಹಿಂಗೋಣೆಯಲ್ಲಿ ಹುಡುಕುವುದೇ ಬೇಕಾಗಲಿಲ್ಲ. ಕಪಾಟಿನಲ್ಲಿ ಅದೇ ನೀಲಿ ಲೇಬಲ್ಲಿನ ಒಂದು ಕಟ್ಟು ಎದುರಿಗೇ ಇತ್ತು.

"ಇದೇನು ತೋಶಾ?"

"ಓವರ್ಸ್ ಮೇಡಂ. ಮಷೀನು ಶುರುವಾದಾಗ ಬಣ್ಣ ಸರಿಹೋಗೋ ತನಕ ಒಂದಷ್ಟು ಹಾಳೆ ಹಾಳಾಗುತ್ತೆ. ಅದಕ್ಕೇ ಆರ್ಡರಿಗಿಂತ ಜಾಸ್ತಿ ಹಾಕ್ತೀವಿ. ಎಲ್ಲಾ ಪ್ರೆಸ್ಸಲ್ಲೂ ಇದೇ ಪದ್ಧತಿ."

"ಮಿಕ್ಕಿದ್ದನ್ನ ಮಾರ್ಕೊಳ್ಳೋದೂ ಪದ್ಧತೀನಾ?"

ತೋಶಾ ಬಾಯಿ ತೆರೆದ. ಅಷ್ಟರಲ್ಲಿ ಸರ್ಕಾರಿ ವಕೀಲರ ಫೋನು ಬಂತು. ಕಟ್ಟು ಸಿಕ್ಕಿದ್ದನ್ನು ಅವಳು ಹೇಳಿದಳು. ಲೇಬಲ್ ಸಿಕ್ಕಿದ ಮೇಲೆ ಇನ್ನೇನು ಮೀನಮೇಷ, ಸಂಜೆಯೊಳಗೆ ಒಳಗೆ ಹಾಕಿ ಎಂದರು. ಸ್ಮಿಲ್ಯಾಗೆ ಕೋಪ ಬಂತು. ತೋಶಾನನ್ನು ಒಳಗೆ ಹಾಕುವುದೇನು ಮಹಾ? ಅವನಲ್ಲದಿದ್ದರೆ ಬಾಟಲಿಗಳು ಎಲ್ಲಿವೆ ಎಂದು ಹೇಳುವವನು ಹೊರಗೇ ಉಳಿಯುತ್ತಾನೆ.

"ಭೂತಗನ್ನಡಿ ಕೊಡಿ" ಎಂದಳು.

*

ರಾದೊಯೆಯ ಮನೆಯ ಮುಚ್ಚಿದ ಬಾಟಲಿ ಒಂದು ಕಡೆ. ಕಟ್ಟಿನಿಂದ ತೆಗೆದ ಲೇಬಲ್ ಇನ್ನೊಂದು ಕಡೆ. ಬರಿಗಣ್ಣಿಗೆ ಎರಡೂ ಒಂದೇ. ಭೂತಗನ್ನಡಿಯಲ್ಲಿ ನೋಡಿದರೆ ಕಟ್ಟಿನ ಲೇಬಲ್ಲಿನ ನೀಲಿ ಬಣ್ಣ, ಗೋಡೆಗೆ ಸುಣ್ಣ ಬಳಿದ ಹಾಗೆ, ಒಂದೇ ಸಮ. ಬಾಟಲಿಯದು ಬರೀ ಚುಕ್ಕಿ. ನೀಲಿ ಚುಕ್ಕಿ, ಕೆಂಪು ಚುಕ್ಕಿ, ನಡುನಡುವೆ ಕಪ್ಪು.

"ಇದ್ಯಾಕೆ ಹೀಗೆ?"

ತೋಶಾ ಬಗ್ಗಿ ನೋಡಿದ. "ಅಜ್ಜನ ನೀಲಿಗೆ ನಾನು ಬಣ್ಣ ಬೇರೆ ಕಲಸಿ ಡಬ್ಬದಲ್ಲಿಟ್ಟಿರ್ತೀನಿ. ಸ್ಪಾಟ್ ಕಲರ್ ಅಂತೀವಿ. ಅದರಲ್ಲಿ ಚುಕ್ಕಿ ಬರಲ್ಲ. ಇದನ್ನ ಮಾಮೂಲಿ ನಾಲ್ಕು ಬಣ್ಣದ ಚುಕ್ಕಿ ಸೇರಿಸಿ ಹೊಡೆದಿದಾರೆ. ನನ್ನ ಪ್ಲೇಟಲ್ಲ."

"ನೀವೇ ಬೇರೆ ಮಷೀನಲ್ಲಿ ಹಾಕಿರ್ಬಹುದಲ್ಲ."

"ಅಂಚು ನೋಡಿ."

ಬಾಟಲಿಯ ಲೇಬಲ್ಲಿಗೆ ಒಂದು ಬದಿಯಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆಯಿತ್ತು.

"ಕತ್ತರಿಸೋ ಬ್ಲೇಡು ಒಂಚೂರು ಆಚೀಚೆ ಆಗೇ ಆಗುತ್ತೆ. ಅದಕ್ಕೇ ನಾವು ಕತ್ತರಿಸೋ ಗೆರೆ ದಾಟಿ ಮೂರು ಮಿಲಿಮೀಟರ್ ಬಣ್ಣ ಹಾಯಿಸಿರ್ತೀವಿ. ಬ್ಲೀಡ್ ಅಂತಾರೆ. ನನ್ನ ಡಿಸೈನಲ್ಲಿ ಅದಿದೆ. ಇದನ್ನ ಮಾಡಿದೋನ ಹತ್ರ ಇದ್ದಿದ್ದು ಗೆರೆಗೇ ನಿಂತುಹೋಗಿರೋ ಚಿತ್ರ."

"ಅಂದ್ರೆ ಅಂಗಡಿ ಬಾಟಲಿಯಿಂದ ಲೇಬಲ್ ಕಿತ್ತು ಕಾಪಿ ಮಾಡಿದಾನೆ. ಊರಲ್ಲಿ ಯಾರು ಬೇಕಾದ್ರೂ ಆಗಬಹುದು."

ಸ್ಮಿಲ್ಯಾ ಸೋತು ಹಿಂದಕ್ಕೆ ಒರಗಿದಳು. ಗಂಟೆ ಮೂರು ದಾಟಿತ್ತು. ಆದರೂ ಮನಸ್ಸು ಒಪ್ಪದೆ, ಮತ್ತೆ ಭೂತಗನ್ನಡಿ ಎತ್ತಿಕೊಂಡು ಅಂಗುಲ ಅಂಗುಲ ಹೋಲಿಸತೊಡಗಿದಳು. ಎಲೆ, ಹಣ್ಣು, ಜೇನ್ನೊಣ. ಅಲ್ಲಿಗೆ ಕೈ ನಿಂತಿತು.

"ತೋಶಾ, ನಿಮ್ಮ ನೊಣಕ್ಕೆ ಆರು ಕಾಲು. ಬಾಟಲಿ ನೊಣಕ್ಕೆ ನಾಲ್ಕೇ ಇದೆಯಲ್ಲ."

ತೋಶಾ ಕುರ್ಚಿ ಎಳೆದು ಕೂತ. ನಾಲ್ಕು ಕಾಲಿನ ನೊಣ ಯಾರ ಕೈಗೆ ಹೋಗಿತ್ತೆಂದು ಹೇಳಿದ.

*

ಸಂಜೆ ಭಟ್ಟಿಯ ಕಚೇರಿಯಲ್ಲಿ ಅಜ್ಜ, ಅಳಿಯ ಇಬ್ಬರ ಮುಂದೆ ಸ್ಮಿಲ್ಯಾ ಬಾಟಲಿಯನ್ನೂ ತೋಶಾನ ಲೇಬಲ್ಲನ್ನೂ ಮೇಜಿನ ಮೇಲಿಟ್ಟಳು.

"ಮಾರ್ಕೆಟ್ಟಿನ ಯಾವುದೋ ಬಾಟಲಿ ನೋಡಿ ಕಾಪಿ ಹೊಡೆದಿದಾರೆ" ಎಂದ ಗೋಯ್ಕೊ. "ಗೊತ್ತಾಗ್ತಾ ಇದೆಯಲ್ಲ."

"ಮಾರ್ಕೆಟ್ಟಲ್ಲಿರೋ ಎಲ್ಲಾ ನೊಣಕ್ಕೂ ಆರು ಕಾಲಿದೆ, ಗೋಯ್ಕೊ."

"ಅಂದ್ರೆ?"

"ಅಚ್ಚಿಗೆ ಮುಂಚೆ ಗಿರಾಕಿಗೆ ಇಮೇಲಲ್ಲಿ ಒಂದು ಪ್ರೂಫ್, ಅಂದ್ರೆ ಮಾದರಿ ಚಿತ್ರ, ಕಳಿಸ್ತಾರೆ. ನೋಡೋಕೆ ಮಾತ್ರ, ಬ್ಲೀಡ್ ಇರಲ್ಲ. ತೋಶಾ ಕಳಿಸಿದ ಪ್ರೂಫಲ್ಲಿ ನೊಣಕ್ಕೆ ನಾಲ್ಕೇ ಕಾಲಿತ್ತು. ಅದು ಬಂದಿದ್ದು ನಿನಗೊಬ್ಬನಿಗೆ. ಚೆನ್ನಾಗಿದೆ, ಹಾಕಿ ಅಂದೆ. ಆಮೇಲೆ ಅಜ್ಜ ತಾವೇ ಪ್ರೆಸ್ಸಿಗೆ ಹೋದ್ರು."

"ಹೌದು" ಎಂದರು ವುಕಾಶಿನ್ ಅಜ್ಜ ನಿಧಾನವಾಗಿ. "ಜೇನು ಸಾಕಿದ ಮನೆ ನಮ್ಮದು. ಕಾಲು ಕಡಿಮೆ ಇದೆಯಲ್ಲಯ್ಯ ಅಂದೆ. ಅಲ್ಲೇ ನಿಂತು ತಿದ್ದಿಸ್ದೆ. ನಿಂಗೆ ಹೇಳೋಕೆ ಮರೆತೆ."

"ನಾಲ್ಕು ಕಾಲಿನ ನೊಣ ಪ್ರೆಸ್ಸಿಂದ ಆಚೆ ಬಂದಿದ್ದು ಆ ಒಂದೇ ಸಲ" ಎಂದಳು ಸ್ಮಿಲ್ಯಾ. "ಲೇಬಲ್ ಕೋಣೆಗೆ ಬೀಗ. ತೋಶಾನ ಡಿಸೈನ್ ಕೇಳಿದ್ರೆ ಅನುಮಾನ ಬರುತ್ತೆ. ಅದಕ್ಕೆ ನೀನು ಪ್ರೂಫನ್ನೇ ಬೇರೆ ಕಡೆ ಅಚ್ಚು ಹಾಕಿಸ್ದೆ. ಬಾಟಲಿಗಳು ಎಲ್ಲಿವೆ?"

"ನಂಗೊತ್ತಿಲ್ಲ. ನನ್ನ ಇಮೇಲ್ ಯಾರೋ ತೆಗೆದಿರ್ಬೇಕು."

ವುಕಾಶಿನ್ ಅಜ್ಜ ಮೇಜಿನ ಮೇಲಿದ್ದ ಬಾಟಲಿಯ ಮುಚ್ಚಳ ತಿರುಪಿ ಲೋಟಕ್ಕೆ ಸುರಿದರು.

"ನನ್ನ ಅಳಿಯ ಮಾಡಿಲ್ಲ ಅಂತಾನೆ. ಹಾಗಿದ್ರೆ ಇದು ನನ್ನದೇ ಮಾಲು. ನನ್ನ ಮಾಲು ನಾನು ಕುಡಿಯೋಕೆ ಯಾರ ಭಯ?"

ಲೋಟ ತುಟಿಗೆ ಹೋಯಿತು. ಸ್ಮಿಲ್ಯಾ ಕುರ್ಚಿಯಿಂದ ಎದ್ದಳು, ಆದರೆ ಅವಳಿಗಿಂತ ಮೊದಲು ಗೋಯ್ಕೊನ ಕೈ ಹೋಗಿತ್ತು. ಲೋಟ ನೆಲಕ್ಕೆ ಬಿದ್ದು ಚೂರಾಯಿತು.

"ಬೇಡ ಮಾವ" ಎಂದ ಗೋಯ್ಕೊ. "ವಿಷ ಅಂತ ಗೊತ್ತಿರ್ಲಿಲ್ಲ, ಮಗಳ ಆಣೆ. ಅಗ್ಗದ ಸ್ಪಿರಿಟ್ ಅಂದ್ಕೊಂಡಿದ್ದೆ. ತೋಟದಲ್ಲಿ ಬೆಳೆದಷ್ಟೇ ಮಾರೋದು ಅಂತ ನೀವು ಹಟ ಹಿಡಿದ್ರಿ. ಎರಡು ಪಟ್ಟು ಮಾರಿ ತೋರಿಸ್ಬೇಕು ಅಂತಿದ್ದೆ."

"ಎಲ್ಲಿವೆ?" ಎಂದಳು ಸ್ಮಿಲ್ಯಾ.

"ಸೇತುವೆ ಹತ್ರ, ನಮ್ಮ ಹಳೇ ಗ್ಯಾರೇಜು. ಡಿಕ್ಕಿಯಲ್ಲಿ ಮಾರೋನೂ ಅಲ್ಲೇ ಇದಾನೆ. ಹಬ್ಬಕ್ಕೆ ಅಂತ ಇವತ್ತು ಸಂಜೆ ತುಂಬಿಸ್ಕೊಂಡು ಹೊರಡ್ತಾನೆ."

ಸ್ಮಿಲ್ಯಾ ಆಗಲೇ ಓಡುತ್ತಿದ್ದಳು. ಗ್ಯಾರೇಜಿನಲ್ಲಿ ಕಾರಿನ ಎಂಜಿನ್ ಚಾಲೂ ಆಗಿತ್ತು, ಡಿಕ್ಕಿ ಇನ್ನೂ ಮುಚ್ಚಿರಲಿಲ್ಲ. ಅದಕ್ಕೆ ಮುಂಚೆ ಯಾರ್ಯಾರಿಗೆ ಮಾರಿದ್ದನೆಂದು ಡಿಕ್ಕಿಯವನ ಬಾಯಿ ಬಿಡಿಸಿ, ಅವರ ಮನೆಗಳ ಬಾಗಿಲು ತಟ್ಟಿ ಎಲ್ಲವನ್ನೂ ತಂದಾಯಿತು. ಹಬ್ಬದ ಮೇಜಿಗೆ ಒಂದೂ ಹೋಗಲಿಲ್ಲ.

*

ಮರುದಿನ ವುಕಾಶಿನ್ ಅಜ್ಜ ತಮ್ಮ ಮನೆಯ ಹಬ್ಬ ಮಾಡಲಿಲ್ಲ. ಒಬ್ಬರೇ ಹೋಗಲು ಧೈರ್ಯವಿಲ್ಲದೆ ಸ್ಮಿಲ್ಯಾಳನ್ನು ಕರೆದುಕೊಂಡು ಯೆಲಿತ್ಸಾಳ ಮನೆಗೆ ಹೋದರು. ಬಾಗಿಲಲ್ಲೇ ಟೋಪಿ ತೆಗೆದು ನಿಂತರು.

"ನನ್ನ ಹೆಸರು ನೋಡಿ ಕುಡಿದ್ರಮ್ಮ ನಿನ್ನ ಗಂಡ."

"ಹೌದು" ಎಂದಳು ಯೆಲಿತ್ಸಾ. "ಹೆಸರು ನೋಡೇ ತಂದ್ರು."

ಯೆಲಿತ್ಸಾ ಒಳಗೆ ಹೋಗಿ, ಸತ್ತವರ ಹೆಸರಿನಲ್ಲಿ ಬೇಯಿಸಿದ ಗೋಧಿಯ ತಟ್ಟೆ ತಂದು ಮುಂದೆ ಹಿಡಿದಳು. ಅಜ್ಜ ಒಂದು ಚಮಚ ಬಾಯಿಗಿಟ್ಟರು.

"ನಿಮ್ಮ ಮಗಳನ್ನೂ ಕರ್ಕೊಂಡು ಬರ್ಬೇಕಿತ್ತು" ಎಂದಳು ಯೆಲಿತ್ಸಾ. "ಗಂಡ ಜೈಲು ಸೇರಿದ ಮೇಲೆ ಅವಳೂ ಇನ್ನು ಒಬ್ಬಳೇ ಅಲ್ವಾ."

ವುಕಾಶಿನ್ ಅಜ್ಜ ಹೊಸಿಲ ಮೇಲೆ ಕೂತು, ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಅತ್ತರು.