ಸದ್ದು ಹೊರಗೆ ಹೋಗದ ವ್ಯಾನು

"ಒಳಗೆ ಎಷ್ಟೇ ಸದ್ದಾದ್ರೂ ಹೊರಗೆ ಒಂದು ಚೂರೂ ಕೇಳಿಸಬಾರದು. ಅಂಥ ವ್ಯಾನು ಮಾಡಿಕೊಡ್ತೀರಾ?"

ಪುಟ್ಟಿ ಕೈಯಲ್ಲಿದ್ದ ಡ್ರಿಲ್ಲನ್ನು ಕೆಳಗಿಟ್ಟಳು.

ಹಳೇ ವ್ಯಾನುಗಳ ಒಳಗೆ ಮಲಗುವ, ಅಡುಗೆ ಮಾಡುವ ಪುಟ್ಟ ಮನೆ ಕಟ್ಟಿಕೊಡುವುದು ಅವಳ ಕಸುಬು. ಬಂದವರೆಲ್ಲ ಬಿಸಿಲು ತಡೆಯಬೇಕು, ಚಳಿ ತಡೆಯಬೇಕು ಎನ್ನುತ್ತಿದ್ದರು. ಸದ್ದಿನ ಮಾತೆತ್ತಿದವನು ಇವನೊಬ್ಬನೇ.

ಎತ್ತರದ ಆಳು. ಸರ್ವೇಯರ್ ಅಂತೆ, ಊರೂರು ಸುತ್ತಿ ಜಮೀನು ಅಳೆಯುವ ಕೆಲಸ. ಕಣ್ಣುಗಳು ಮಾತ್ರ... ಛೆ, ಗಿರಾಕಿಯ ಕಣ್ಣು ಕಟ್ಟಿಕೊಂಡು ನನಗೇನು, ಎಂದು ಅವಳು ತನ್ನನ್ನೇ ಗದರಿಕೊಂಡಳು.

"ಒಳಗೆ ಏನು ಮಾಡ್ತೀರಿ?"

"ಮಲಗ್ತೀನಿ."

"ಮಲಗೋದ್ರಲ್ಲಿ ಸದ್ದೇನು ಬಂತು?"

ಅವನ ಮುಖ ಕೆಂಪಾಯಿತು. "ಅದು... ನನ್ನ ಸ್ವಂತ ವಿಷಯ."

ಪುಟ್ಟಿಯ ಮನಸ್ಸಿನಲ್ಲಿ ಅನುಮಾನ ಹೆಡೆಯೆತ್ತಿತು. ಯಾರನ್ನಾದರೂ ಕೂಡಿಹಾಕುವ ಆಸಾಮಿಯೇ ಇವನು?

ಮೂಲೆಯಲ್ಲಿ ವ್ಯಾನಿನ ಪರದೆ ಹೊಲಿಯುತ್ತಿದ್ದ ಚಿಕ್ಕಮ್ಮ ಎದ್ದು ಬಂದು ಪಿಸುಗುಟ್ಟಿದಳು. "ಇರುವೆ ಎದುರು ಬಂದ್ರೂ ದಾರಿ ಬಿಡೋ ಮುಖ ಕಣೇ. ಸುಮ್ನೆ ಒಪ್ಕೋ."

"ಮಾಡ್ತೀನಿ," ಎಂದಳು ಪುಟ್ಟಿ. "ಆದ್ರೆ ನೀವೂ ಬಂದು ಕೈ ಜೋಡಿಸಬೇಕು."

ಕಣ್ಣೆದುರಿಗೇ ಇದ್ದರೆ ಅವನ ಹುನ್ನಾರ ತಿಳಿದೀತು ಎಂದು ಅವಳ ಎಣಿಕೆ.

ಮರುದಿನ ಅವನು ಥರ್ಮೊಕೋಲ್ ಹಾಳೆಗಳನ್ನು ಹೊತ್ತು ತಂದ. ಪುಟ್ಟಿ ಎರಡು ತುಂಡು ಮುರಿದು ಅವನ ಕಿವಿಯ ಹತ್ತಿರ ಹಿಡಿದು ಉಜ್ಜಿದಳು. ಕಿರ್ರ್... ಅವನು ಹಲ್ಲು ಕಚ್ಚಿಕೊಂಡ.

"ವ್ಯಾನು ಓಡುವಾಗ ದಾರಿಯುದ್ದಕ್ಕೂ ಹೀಗೇ ಕಿರುಗುಟ್ಟುತ್ತೆ. ಬೇಕಾ?"

"ಬೇಡ ಮೇಸ್ತ್ರಿ."

ಆ 'ಮೇಸ್ತ್ರಿ' ಅವಳಿಗೆ ಯಾಕೋ ಹಿತವೆನಿಸಿತು. ಫೋಮು, ಗಾಜಿನ ನಾರು, ಕುರಿ ಉಣ್ಣೆ, ಮೂರರ ತುಂಡುಗಳನ್ನೂ ಮೇಜಿನ ಮೇಲೆ ಹರಡಿದಳು.

"ಫೋಮು ಬಿಸಿಲಿಗೆ ಒಳ್ಳೇದು, ಸದ್ದಿಗೆ ಅಷ್ಟಕ್ಕಷ್ಟೇ. ಗಾಜಿನ ನಾರು ಮೈಯೆಲ್ಲ ತುರಿಸುತ್ತೆ. ಇನ್ನು ಉಣ್ಣೆ... ನೀವು ಒಳಗೆ ಉಸಿರಾಡಿದ ಹಬೆ ತಗಡಿಗೆ ತಾಗಿ ನೀರಾಗುತ್ತಲ್ಲ, ಅದನ್ನ ಇದು ಹೀರ್ಕೊಂಡು ಆಮೇಲೆ ತಾನೇ ಒಣಗುತ್ತೆ. ಸದ್ದನ್ನೂ ನುಂಗುತ್ತೆ."

"ನುಂಗಲಿ," ಎಂದ ಅವನು. ಆ ದನಿಯಲ್ಲಿದ್ದ ನಿರಾಳತೆ ಕೇಳಿ ಪುಟ್ಟಿಗೆ ನಗು ಬಂತು.

ಕೆಲಸ ಶುರುವಾಯಿತು. ತಗಡನ್ನು ಒರೆಸಿ ಒಣಗಿಸಿ, ಮೊದಲು ಕಪ್ಪು ರಬ್ಬರ್ ಹಾಳೆ ಅಂಟಿಸಿದರು. ಅದುವರೆಗೆ ತಟ್ಟಿದರೆ ಖಾಲಿ ಕೊಡದ ಹಾಗೆ ಮೊಳಗುತ್ತಿದ್ದ ಗೋಡೆ ಈಗ ಮರದ ದಿಮ್ಮಿಯಂತೆ ಮಂಕಾಗಿ ದಬ್ ಎಂದಿತು. ಅವನು ಮಕ್ಕಳ ಹಾಗೆ ಮತ್ತೆ ಮತ್ತೆ ತಟ್ಟಿ ನೋಡಿದ.

ಆಮೇಲೆ ಉಣ್ಣೆ. ಒತ್ತಿ ತುರುಕಬಾರದು, ಸಡಿಲವಾಗಿ ಕೂರಿಸಬೇಕು ಎಂದು ಅವಳು ಹೇಳಿಕೊಟ್ಟಳು. ಸಂಜೆಯ ಹೊತ್ತಿಗೆ ಇಬ್ಬರೂ ಬೆಳ್ಳಗಾಗಿದ್ದರು.

"ಮೇಸ್ತ್ರಿ, ನಿಮ್ಮ ತಲೆ ಮೇಲೆ ಒಂದು ಕುರಿ ಕೂತಿದೆ," ಎಂದು ಅವನು ಮೆಲ್ಲಗೆ ಅವಳ ಕೂದಲಿಂದ ಉಣ್ಣೆಯ ಎಳೆ ಬಿಡಿಸಿದ. ಪುಟ್ಟಿಯ ಎದೆ ತಾಳ ತಪ್ಪಿತು. ಇದೇನಾಗ್ತಿದೆ ನನಗೆ...

ಒಂದು ಮಧ್ಯಾಹ್ನ ಅವಳು ಸ್ಕ್ರೂ ತರಲು ಹೋಗಿ ಬಂದರೆ ಶೆಡ್ಡಿಗೆ ಶೆಡ್ಡೇ ಗುಡುಗುತ್ತಿತ್ತು.

"ಚಿಕ್ಕಮ್ಮ, ಕಂಪ್ರೆಸರ್ ಆಫ್ ಮಾಡಿಲ್ವಾ?"

"ಅದು ರಿಪೇರಿಗೆ ಹೋಗಿದ್ಯಲ್ಲೇ ಪುಟ್ಟಿ."

ಇಬ್ಬರೂ ವ್ಯಾನಿನೊಳಗೆ ಇಣುಕಿದರು. ಉಣ್ಣೆಯ ಮೂಟೆಗಳ ಮೇಲೆ ಸರ್ವೇಯರ್ ಅಂಗಾತ ಮಲಗಿದ್ದ. ಗೊರಕೆಗೆ ಪಕ್ಕದಲ್ಲಿದ್ದ ಮೊಳೆ ಡಬ್ಬಿ ನಡುಗುತ್ತಿತ್ತು. ಪುಟ್ಟಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಅವನು ತಟ್ಟನೆ ಎದ್ದು ಕೂತ. "ಗೊತ್ತಾಯ್ತಲ್ಲ ಈಗ. ಲಾಡ್ಜಿನವರು ಬೆಳಗಾಗೋದ್ರೊಳಗೆ ನನ್ನ ಸಾಮಾನು ಹೊರಗಿಡ್ತಾರೆ. ಕ್ಯಾಂಪಿನಲ್ಲಿ ಯಾರೂ ಪಕ್ಕಕ್ಕೆ ಸೇರಿಸಲ್ಲ. ನಿನ್ನ ಕಟ್ಕೊಂಡವಳು ಮರುದಿನವೇ ತವರಿಗೆ ಓಡ್ತಾಳೆ ಅಂತಾಳೆ ನಮ್ಮಕ್ಕ."

"ಕರೆಂಟಿಲ್ಲದೇ ಓಡೋ ಕಂಪ್ರೆಸರ್ ಕಣ್ರೀ ನೀವು," ಎಂದಳು ಪುಟ್ಟಿ. ಅವನೂ ನಕ್ಕ. ಅನುಮಾನವೆಲ್ಲ ಅಲ್ಲೇ ಕರಗಿಹೋಯಿತು.

ಮರುದಿನ ಚಾವಣಿಯ ಕೆಲಸ. ಪುಟ್ಟಿ ಎರಡೂ ಕೈಗಳಿಂದ ಪ್ಲೈವುಡ್ ಹಲಗೆಯನ್ನು ಮೇಲಕ್ಕೆ ಒತ್ತಿ ಹಿಡಿದಿದ್ದಳು. ಅವಳ ಎಡಕ್ಕೆ ನಿಂತಿದ್ದ ಅವನು ಏನೋ ಹೇಳಿದ.

ಅವಳಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಚಿಕ್ಕಂದಿನ ಜ್ವರ ಕೊಟ್ಟು ಹೋದ ಬಳುವಳಿ. ಚಿಕ್ಕಮ್ಮನ ಹೊರತು ಯಾರಿಗೂ ಗೊತ್ತಿಲ್ಲ. ಅರೆಗಿವುಡಿ ಎಂದು ತಿಳಿದರೆ ಯಾರು ಕೆಲಸ ಕೊಡುತ್ತಾರೆ ಎಂಬ ಅಳುಕಿನಿಂದ ಊಹೆಯ ಮೇಲೆ ಉತ್ತರ ಕೊಡುವುದನ್ನು ಅವಳು ರೂಢಿಸಿಕೊಂಡಿದ್ದಳು. ಬೆಳಗಿನಿಂದ ಅವನು ಸ್ಕ್ರೂ ಬದಲು ಟೇಪು ಸಾಕಲ್ಲವೇ ಎನ್ನುತ್ತಿದ್ದ. ಮತ್ತೆ ಅದೇ ಇರಬೇಕು ಎಂದುಕೊಂಡಳು.

"ಬೇಡ. ಅದು ಅಂಟಲ್ಲ. ನಾಲ್ಕು ದಿನಕ್ಕೆ ಕಿತ್ತು ಬರುತ್ತೆ."

ಅವನು ಸ್ವಲ್ಪ ಹೊತ್ತಿಗೆ ಅವಳ ಎದುರಿಗೆ ಬಂದು ಕೇಳಿದ. "ಅಷ್ಟು ಖಚಿತವಾಗಿ ಹೇಳ್ತೀರಾ?"

"ಎಷ್ಟು ಜನರದ್ದು ನೋಡಿದೀನಿ. ಒಂದೂ ನಿಂತಿಲ್ಲ."

ಮಾರನೇ ದಿನದಿಂದ ಅವನು ಬರಲಿಲ್ಲ. 'ಉಳಿದ ಕೆಲಸ ನೀವೇ ಮುಗಿಸಿ' ಎಂದು ಒಂದು ಮೆಸೇಜು, ಅಷ್ಟೇ.

ಪುಟ್ಟಿ ಅದನ್ನೇ ಮತ್ತೆ ಮತ್ತೆ ಓದಿದಳು. ಅಷ್ಟು ನಗಬಾರದಿತ್ತು ನಾನು... ಪಾಪ, ಎಷ್ಟು ನೊಂದುಕೊಂಡರೋ. ಫೋನ್ ಕೈಗೆತ್ತಿಕೊಳ್ಳುವಳು, ಮತ್ತೆ ಇಡುವಳು.

"ಅದೇ ಸ್ಕ್ರೂನ ಮೂರನೇ ಸಲ ಬಿಚ್ತಾ ಇದೀಯ," ಎಂದಳು ಚಿಕ್ಕಮ್ಮ, ಹೊಲಿಗೆಯಿಂದ ತಲೆಯೆತ್ತದೆ.

ಕೊನೆಗೆ ವ್ಯಾನು ಒಯ್ಯಲು ಅವನು ಬಂದ. ಮುಖ ಬಾಡಿತ್ತು. "ಆಯ್ತಾ ಮೇಡಂ?" ಎಂದ.

ಮೇಡಂ. ಪುಟ್ಟಿಗೆ ಚುಚ್ಚಿದಂತಾಯಿತು.

"ಪರೀಕ್ಷೆ ಮಾಡ್ಕೊಂಡು ಹೋಗಿ. ಒಳಗೆ ಕೂತು ಬಾಗಿಲು ಹಾಕಿ, ಜೋರಾಗಿ ಏನಾದ್ರೂ ಹೇಳಿ."

ಅವನು ಒಳಗೆ ಹೋದ. ಅವಳು ಬಲಗಿವಿಯನ್ನು ಬಾಗಿಲಿಗೆ ಒತ್ತಿದಳು. ಏನೂ ಇಲ್ಲ. ಚಿಕ್ಕಮ್ಮನೂ ಕಿವಿಯಿಟ್ಟು ಉಹುಂ ಎಂದು ತಲೆಯಾಡಿಸಿದಳು. ಕಿಟಕಿಯ ಗಾಜಿನಲ್ಲಿ ಮಾತ್ರ ಅವನ ತುಟಿ ಆಡುವುದು ಕಾಣುತ್ತಿತ್ತು, ಬಹಳ ಹೊತ್ತು.

ಅವನು ಹೊರಬಂದಾಗ ಕಣ್ಣು ಒದ್ದೆಯಾಗಿತ್ತು.

"ಒಂದಕ್ಷರವೂ ಕೇಳಿಸ್ಲಿಲ್ಲ," ಎಂದಳು ಪುಟ್ಟಿ. "ಅಷ್ಟು ಹೊತ್ತು ಏನು ಹೇಳಿದ್ರಿ?"

"ಅವತ್ತು ಹೇಳಿದ್ದನ್ನೇ. ನೀವು ಅಂಟಲ್ಲ ಅಂದ್ರಲ್ಲ, ಅದನ್ನ."

"ಟೇಪಿನ ವಿಷಯವಾ?"

"ಟೇಪಾ? ಆಗ ನಾನು ಕೇಳಿದ್ದು ಟೇಪಿನ ಮಾತಲ್ಲ."

ಚಿಕ್ಕಮ್ಮ ಇಬ್ಬರ ಮುಖವನ್ನೂ ನೋಡಿ, "ಟೀಗೆ ಹಾಲಿಲ್ಲ, ತರ್ತೀನಿ," ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಮಷೀನಿನ ಗಲಾಟೆಯಲ್ಲಿ ಕೇಳಿಸಲಿಲ್ಲ ಎನ್ನುವ ಮಾತು ಪುಟ್ಟಿಯ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿಕೊಂಡಳು. ತನ್ನ ನಾಚಿಕೆಯನ್ನು ಮುಚ್ಚಿಡದೆ ಹೇಳಿಕೊಂಡವನಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ನನಗೆ ಎಡಗಿವಿ ಕೇಳಿಸಲ್ಲ ರೀ. ಯಾರಿಗೂ ಹೇಳಿಲ್ಲ. ಅವತ್ತು ನೀವು ಎಡಗಡೆ ನಿಂತಿದ್ರಿ. ನಾನು ಊಹೆ ಮೇಲೆ ಉತ್ತರ ಕೊಟ್ಟುಬಿಟ್ಟೆ."

ಅವನು ಹಾಗೇ ವ್ಯಾನಿನ ಮೆಟ್ಟಿಲ ಮೇಲೆ ಕುಸಿದು ಕೂತ. ಆಮೇಲೆ ಮುಖ ಮುಚ್ಚಿಕೊಂಡು ನಗತೊಡಗಿದ.

"ಅವತ್ತಿಂದ ಕಣ್ಣು ಮುಚ್ಚಿಲ್ಲ ನಾನು. ಅಕ್ಕನ ಮನೆಯವರೆಲ್ಲ ಮಾತ್ರ ಸುಖವಾಗಿ ನಿದ್ದೆ ಮಾಡಿದ್ರು."

ಪುಟ್ಟಿಗೆ ನಗುವೂ ಅಳುವೂ ಒಟ್ಟಿಗೇ ಬಂತು. "ಈಗ ಹೇಳಿ. ಬಲಗಡೆ ಬನ್ನಿ."

ಅವನು ಎದ್ದು ಬಂದು ನಿಂತ. "ಈ ವ್ಯಾನಲ್ಲಿ ಇಬ್ಬರಿಗೆ ಜಾಗ ಆಗುತ್ತಾ ಅಂತ ಕೇಳಿದ್ದೆ. ಎಲ್ಲಿಗೆ ಹೋದ್ರೂ ನೀವು ಜೊತೆಗಿರಬೇಕು ಅನ್ಸುತ್ತೆ ಅಂದಿದ್ದೆ. ಆದ್ರೆ ನನ್ನ ಗೊರಕೆ..."

"ನಾನು ಬಲಗಿವಿ ದಿಂಬಿಗೆ ಒತ್ತಿ ಮಲಗ್ತೀನಿ."

ಅರ್ಥವಾಗಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಆದಾಗ ಮುಖ ಬೆಳಗಿತು.

"ಹಾಗಾದ್ರೆ ಇಷ್ಟು ಉಣ್ಣೆ ತುಂಬಿದ್ದು ದಂಡವಾಯ್ತಲ್ಲ ಮೇಸ್ತ್ರಿ."

"ಯಾಕೆ, ಅಕ್ಕಪಕ್ಕದವರಿಗೆ ನಿದ್ದೆ ಬೇಡ್ವಾ?"

ಅವನು ಅಂಜುತ್ತಲೇ ಅವಳ ಕೈ ಹಿಡಿದ. ಅಂಟು, ಧೂಳು ಮೆತ್ತಿದ್ದ ಆ ಕೈಯನ್ನು ಅವಳು ಬಿಡಿಸಿಕೊಳ್ಳಲಿಲ್ಲ.

"ಇನ್ನೊಂದ್ಸಲ ಹೇಳಿ," ಎಂದಳು.

"ಕೇಳಿಸ್ಲಿಲ್ವಾ?"

"ಕೇಳಿಸ್ತು. ಅದಕ್ಕೇ ಮತ್ತೆ ಕೇಳ್ತಿದೀನಿ."